ಕಂಠಕ್ಕೆ ಬಣ್ಣವುಂಟೇ?

ಯುರೋಪಿನ ಶಾಸ್ತ್ರೀಯ ಸಂಗೀತವು ಬಿಳಿಯರ ಸ್ವತ್ತೆಂದು ಬಹುಕಾಲ ಭಾವಿಸಲಾಗಿತ್ತು. ಅದು ಹಾಗಲ್ಲವೆಂದು ಅಮೆರಿಕದ ಕರಿಯ ಗಾಯಕಿ ಮೇರಿಯನ್ ಆಂಡರ್ಸನ್ (1897–1993) ಹಾಡಿ ತೋರಿಸಿದರು. ಆದರೆ ಹಾಡಿ ತೋರಿಸಿದ ಮಾತ್ರಕ್ಕೆ ಬಾಗಿಲುಗಳು ತೆರೆಯಲಿಲ್ಲ. ಅದೇಕೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಫಿಲಡೆಲ್ಫಿಯ ನಗರದಲ್ಲಿ ಜನಿಸಿದ ಈಕೆ ಆರನೆಯ ವಯಸ್ಸಿನಲ್ಲಿಯೇ ದೇವಾಲಯದ ಗಾಯಕವೃಂದವನ್ನು ಸೇರಿದರು. ತಂದೆ ಬೇಗನೆ ತೀರಿಕೊಂಡರು; ತಾಯಿ ಪರರ ಬಟ್ಟೆಗಳನ್ನು ಒಗೆದು ಮಕ್ಕಳನ್ನು ಸಲಹಿದರು. ಸಂಗೀತಶಾಲೆಯೊಂದು ಬಣ್ಣದ ನೆಪದಿಂದ ಆಕೆಯನ್ನು ಬಾಗಿಲಿನಿಂದಲೇ ಹಿಂದಿರುಗಿಸಿತು. ಆಗ ಸಭೆಯ ಬಡಜನರು ಹಣ ಕೂಡಿಸಿ ಪಾಠ ಹೇಳಿಸಿದರು. ಮುಂದೆ ಯುರೋಪಿನ ರಾಜಧಾನಿಗಳು ಆಕೆಯ ಗಾನಕ್ಕೆ ತಲೆದೂಗಿದವು.

ಆದರೂ 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಮಂದಿರವು ಆಕೆಗೆ ದೊರೆಯಲಿಲ್ಲ. ನಿರಾಕರಿಸಿದ್ದು ಒಂದು ಮಹಿಳಾಸಂಘವೆಂಬುದನ್ನು ನೆನೆದರೆ ನಮಗೆ ಹೆಚ್ಚು ವ್ಯಥೆಯಾಗುತ್ತದೆ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರು ಆ ಸಂಘದ ಸದಸ್ಯತ್ವವನ್ನೇ ತ್ಯಜಿಸಿದರು. ಏಪ್ರಿಲ್ 9ರ ಪುನರುತ್ಥಾನದ ಭಾನುವಾರ, ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಆಕೆ ಹಾಡಿದಾಗ 75,000 ಜನರು ಬಯಲಿನಲ್ಲಿ ನಿಂತು ಕೇಳಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಗೀತನಾಟಕ ರಂಗವು ಆಕೆಯನ್ನು ಕರೆದದ್ದು 1955ರ ಜನವರಿಯಲ್ಲಿ. ಅಲ್ಲಿ ಪಾತ್ರ ವಹಿಸಿ ಹಾಡಿದ ಮೊದಲ ಕರಿಯ ಗಾಯಕಿ ಆಕೆ. ಆಗ ವಯಸ್ಸು 57. ಕಂಠದ ಏರುಗಾಲ ಕಳೆದುಹೋಗಿತ್ತು. ಆ ನಷ್ಟವು ಯಾರದು? ಗಾಯಕಿಯದಕ್ಕಿಂತ ಕೇಳುವವರದೇ ಹೆಚ್ಚೆಂದು ನಮ್ಮ ಅಭಿಪ್ರಾಯ. 1957ರಲ್ಲಿ ಆಕೆ ಭಾರತಕ್ಕೂ ಬಂದು ಹಾಡಿದರು.

ವಾದ್ಯಮೇಳಗಳ ಸಂಗತಿ ಬೇರೆ. ಅಮೆರಿಕದಲ್ಲಿ 1970ರ ದಶಕದಿಂದ ಪರೀಕ್ಷಕರಿಗೂ ವಾದಕರಿಗೂ ನಡುವೆ ತೆರೆ ಕಟ್ಟುವ ಪದ್ಧತಿಯು ಹರಡಿತು. ಪಾದರಕ್ಷೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದೆಂದು ಜಮಖಾನೆ ಹಾಸುವುದೂ ಉಂಟು! ಇದರಿಂದ ಸ್ತ್ರೀಯರಿಗೆ ಉಪಕಾರವಾಯಿತು. ಆದರೆ 2014ರಲ್ಲಿಯೂ ಆ ದೇಶದ ಮೇಳಗಳಲ್ಲಿ ಕರಿಯರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ತೆರೆಯ ಹಿಂದೆ ಬಂದು ನಿಲ್ಲುವುದಕ್ಕೆ ಮೊದಲು ಎಳವೆಯಿಂದ ಗುರುಮುಖೇನ ಅಭ್ಯಾಸ, ಬೆಲೆಬಾಳುವ ವಾದ್ಯ, ದೂರದ ಪರೀಕ್ಷೆಗಳಿಗೆ ಪ್ರಯಾಣ ಇವೆಲ್ಲ ಬೇಕು. ಮಗಳ ಸಂಗೀತಪಾಠಕ್ಕೆ ಶುಲ್ಕ ತೆತ್ತಿರುವ ತಾಯ್ತಂದೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದಲೇ ಆರನ್ ಡ್ವಾರ್ಕಿನ್ ಎಂಬ ಪಿಟೀಲುವಾದಕರು 1997ರಲ್ಲಿ ಸ್ಫಿಂಕ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಕರಿಯ ಮತ್ತು ಲ್ಯಾಟಿನ್ ಮೂಲದ ಕಿರಿಯರಿಗೆ ಸ್ಪರ್ಧೆ, ಶಿಕ್ಷಣ, ವೇತನಗಳನ್ನು ಏರ್ಪಡಿಸಿದರು. ಲಂಡನ್ನಿನಲ್ಲಿ ಚಿಚಿ ನ್ವಾನೊಕು ಎಂಬ ವಾದಕಿಯು 2015ರಲ್ಲಿ ಚಿನೆಕೆ ಎಂಬ ವಾದ್ಯಮೇಳವನ್ನು ಕಟ್ಟಿದರು. ಅದರೊಡನೆಯೇ ಕಿರಿಯರ ಮೇಳವೊಂದನ್ನೂ ಆರಂಭಿಸಿ, ಹಿರಿಯ ವಾದಕರಿಂದ ಅವರಿಗೆ ಪಾಠ ಹೇಳಿಸುತ್ತ ಬಂದಿದ್ದಾರೆ.