ಹೆರಿಗೆಯ ಮೇಲೆ ಹಳೆಯ ಬಟ್ಟೆ ಯಾಕೆ ಒಗ್ಗುವುದಿಲ್ಲ?

ಪ್ರಶ್ನೆ: ಮಗುವಿಗೆ ಎಂಟು ತಿಂಗಳು. ಬೀರು ತುಂಬ ಬಟ್ಟೆಯಿದ್ದರೂ ಯಾವುದೂ ನನ್ನದು ಅನ್ನಿಸುತ್ತಿಲ್ಲ. ತೂಕ ಇಳಿಯುವವರೆಗೆ ನೈಟಿಯಲ್ಲೇ ಇರಬೇಕೇ?
– ಓದುಗರು, ಬಸವನಗುಡಿ

ಉತ್ತರ: ಖಂಡಿತ ಬೇಡ. ತೂಕವೊಂದೇ ಕಾರಣವೂ ಅಲ್ಲ. ಬಸಿರಿನಲ್ಲಿ ಪಾದದ ಕಟ್ಟು ಸಡಿಲಗೊಂಡು ಕೆಲವರ ಪಾದ ತುಸು ಉದ್ದವಾಗಿ ಹಾಗೇ ಉಳಿಯುತ್ತದೆ. ಹಳೆಯ ಚಪ್ಪಲಿ ಬಿಗಿಯಾಗುವುದು ಅದಕ್ಕೆ. ಹೆರಿಗೆಯಾಗಿ ಸುಮಾರು 3 ತಿಂಗಳಿಗೆ ಕೂದಲು ಉದುರತೊಡಗುತ್ತದೆ. ಬಸಿರಿನಲ್ಲಿ ಉದುರದೆ ಉಳಿದಿದ್ದ ಕೂದಲು ಅದು. ಹೆಚ್ಚಿನವರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ.

ನಮ್ಮ ಬಾಣಂತನದಲ್ಲಿ ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಕಟ್ಟು ಎಂದು ಮನೆಯವರೆಲ್ಲ ತಾಯಿಯ ಮೈಯನ್ನು ನೋಡಿಕೊಳ್ಳುತ್ತಾರೆ. ಅದು ಮುಗಿದ ಮೇಲೆ ಅವಳನ್ನು ಕೇಳುವವರಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಇನ್ನು ಬಟ್ಟೆಯ ಮಾತು. ಸೀರೆ ಉಡುವವರಾದರೆ ಕೆಲಸ ಸುಲಭ. ಐದೂವರೆ ಮೀಟರಿನ ಸೀರೆ ಯಾವ ಮೈಗೂ ಹೊಂದುತ್ತದೆ, ಒಂದೆರಡು ನಿರಿಗೆ ಕಡಿಮೆಯಾದೀತು ಅಷ್ಟೆ. ತಕರಾರು ರವಿಕೆಯದು. ಅದನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ. ಪಕ್ಕದ ಹೊಲಿಗೆಯಾಚೆ ಸಾಮಾನ್ಯವಾಗಿ ಬಟ್ಟೆ ಬಿಟ್ಟಿರುತ್ತಾರೆ. ಗಾಂಧಿ ಬಜಾರಿನ ಸುತ್ತಮುತ್ತಲಿನ ಟೈಲರ್ ಹತ್ತಿರ ಕೊಟ್ಟು ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಿ. ಹಾಲೂಡಿಸುವವರಿಗೆ ಮುಂದೆ ಹುಕ್ಕಿರುವ ರವಿಕೆಯೇ ಅನುಕೂಲ. ಮಗುವನ್ನು ಎತ್ತಿಕೊಳ್ಳುವ ದಿನ ಜರಿ ಸೀರೆ ಬೇಡ, ಅಂಚು ಮಗುವಿನ ಕೆನ್ನೆ ಗೀರುತ್ತದೆ. ಮೆತ್ತನೆಯ ಹತ್ತಿಯಲ್ಲಿ ನಿಮಗಿಷ್ಟದ ಬಣ್ಣ ಆರಿಸಿಕೊಳ್ಳಿ.

ಬಟ್ಟೆಯಷ್ಟೇ ಅಲ್ಲ, ಏನೂ ಬೇಡವೆನಿಸುವ ಮಂಕು ಎರಡು ವಾರ ಮೀರಿದರೆ ತಡಮಾಡದೆ ವೈದ್ಯರನ್ನು ಕಾಣಿ. ನಮ್ಮ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವಿದೆ.