ಕರ್ಮದ ಮಾತಿಗಿಂತ ಮೊದಲು ಕರುಣೆಯ ನೀರು

ನನ್ನೊಡನೆ ಹಲವು ವರ್ಷ ಪಾಠ ಮಾಡಿದ ಗೆಳತಿಯೊಬ್ಬಳು ಲೂಪಸ್ ಎಂಬ ದೀರ್ಘವ್ಯಾಧಿಯಿಂದ ಬಳಲುತ್ತಿದ್ದಾಳೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯಿದು. ಒಮ್ಮೆ ಕೀಲುನೋವು, ಒಮ್ಮೆ ಜ್ವರ, ಬಳಿಕ ಮೂತ್ರಪಿಂಡದ ತೊಂದರೆ. ರೋಗ ತಿಳಿದ ಹೊಸತರಲ್ಲಿ ಆಕೆಯನ್ನು ಕಾಣಹೋದ ನಾನು ಧೈರ್ಯ ಹೇಳುವ ಉತ್ಸಾಹದಲ್ಲಿ, "ಎಲ್ಲವೂ ಪೂರ್ವಾರ್ಜಿತ ಕರ್ಮದ ಉದಯ, ಸಮತೆಯಿಂದ ಸಹಿಸಿಕೋ" ಎಂದೆ. ಆಕೆ ಮರುಮಾತಾಡದೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಆ ಮೌನವೇ ನನ್ನನ್ನು ಮತ್ತೆ ಶಾಸ್ತ್ರದ ಬಳಿಗೆ ಕಳುಹಿಸಿತು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ, ತಾನು ದುಃಖಿಸುವುದರಿಂದ ಮಾತ್ರವಲ್ಲ, ಪರರಲ್ಲಿ ದುಃಖವನ್ನು ಉಂಟುಮಾಡುವುದರಿಂದಲೂ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ ಎಂದಿದ್ದಾರೆ. ಗೆಳತಿಯ ಕರ್ಮದ ಲೆಕ್ಕ ಹೇಳಹೋದ ನಾನು ನನ್ನ ಖಾತೆಗೇ ಜಮೆ ಮಾಡಿಕೊಂಡಿದ್ದೆ! ಅದರ ಮುಂದಿನ ಸೂತ್ರದಲ್ಲಿಯೇ ಸಾತಾವೇದನೀಯಕ್ಕೆ ಕಾರಣವಾಗಿ ಅನುಕಂಪೆ ಮತ್ತು ದಾನಗಳು ಬರುತ್ತವೆ. ಕರ್ಮಸಿದ್ಧಾಂತವು ನಮ್ಮನ್ನು ನಾವೇ ನೋಡಿಕೊಳ್ಳುವ ಕನ್ನಡಿ. ಪರರ ನೋವಿಗೆ ನಾವು ಕೊಡಬೇಕಾದುದು ಅನುಕಂಪೆ.

ಸಮಂತಭದ್ರಾಚಾರ್ಯರ ವೃತ್ತಾಂತವನ್ನು ನೆನೆಯೋಣ. ಉಂಡುದೆಲ್ಲ ಭಸ್ಮವಾಗಿ ಹಸಿವೇ ತಣಿಯದ ಭಸ್ಮಕವ್ಯಾಧಿಗೆ ಅವರು ತುತ್ತಾಗಿದ್ದರೆಂದು ಪರಂಪರೆ ಹೇಳುತ್ತದೆ. ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ನಿಮ್ಮಿಂದ ಧರ್ಮಪ್ರಭಾವನೆ ಇನ್ನೂ ಆಗಬೇಕಾಗಿದೆ, ಮೊದಲು ರೋಗವನ್ನು ಶಮನಗೊಳಿಸಿಕೊಳ್ಳಿ ಎಂಬುದು ಅವರ ಆದೇಶವಾಗಿತ್ತು. ಬದುಕಿಗೆ ಇನ್ನೂ ಅರ್ಥವಿದೆ ಎಂದು ರೋಗಿಗೆ ನೆನಪಿಸಿದ ನುಡಿಯಿದು. ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು, ಅಂದರೆ ಸೇವೆಯನ್ನು, 4 ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿ, ಆಹಾರದೊಡನೆ ಔಷಧದಾನವನ್ನೂ ಹೇಳಿದ್ದಾರೆ. ಅಲ್ಲಿ ಮುಖ್ಯವಾಗಿರುವುದು ಸಂಯಮಿಗಳ ಸೇವೆ. ಸಾಧರ್ಮಿಗಳ ವಿಷಯದಲ್ಲಿ ಅದೇ ಭಾವ ವಾತ್ಸಲ್ಯವಾಗಿ ಹರಿಯಬೇಕು.

ಕಳೆದ ದಶಲಕ್ಷಣ ಪರ್ವ ಬಂದಾಗ ಗೆಳತಿ, "ಒಂದು ಉಪವಾಸವನ್ನೂ ಮಾಡಲಾರದವಳಾದೆ" ಎಂದು ಕಣ್ಣೀರಿಟ್ಟಳು. ಆಹಾರದೊಡನೆ ಮಾತ್ರೆ ಸೇವಿಸಲೇಬೇಕೆಂಬುದು ವೈದ್ಯರ ಕಟ್ಟಪ್ಪಣೆ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು 'ಶಕ್ತಿತಸ್ತಪ' ಎಂದೇ ಕರೆದಿರುವುದನ್ನು ಆಕೆಗೆ ನೆನಪಿಸಿದೆ. ಶಕ್ತಿಗೆ ತಕ್ಕ ತಪಸ್ಸೇ ತಪಸ್ಸು. ಅನಶನವು ಬಾಹ್ಯತಪ; ಸ್ವಾಧ್ಯಾಯವಾದರೋ ಅಂತರಂಗ ತಪ. ಅದಕ್ಕೆ ಮಂಚವೇನೂ ಅಡ್ಡಿಯಲ್ಲ.

10 ದಿನವೂ ಸಂಜೆ ಆಕೆಯ ಬಳಿ ಕುಳಿತು ಒಂದೊಂದು ಧರ್ಮದ ವಿವರಣೆ ಓದಿದೆ. ನೋವು ಹೆಚ್ಚಿದ ದಿನ ಪುಸ್ತಕ ಮುಚ್ಚಿ, ಇಬ್ಬರೂ ಪಂಚನಮಸ್ಕಾರ ಮಂತ್ರವನ್ನು ಮೆಲ್ಲಗೆ ಜಪಿಸಿದೆವು. 'ಈ ನೋವು ಎಂದು ಹೋದೀತು' ಎಂಬ ಚಿಂತೆಯಲ್ಲೇ ಸುತ್ತುವ ಮನಸ್ಸಿನ ಸ್ಥಿತಿಯನ್ನು ಶಾಸ್ತ್ರವು ಆರ್ತಧ್ಯಾನವೆನ್ನುತ್ತದೆ. ಅದರಿಂದ ಕ್ಷಣಕಾಲವಾದರೂ ಹೊರಬರಲು ನಿಮಿತ್ತವಾಗುವುದೇ ಸ್ನೇಹಿತರ ಕೆಲಸ.

ಮೊದಲ ದಿನ, ಉತ್ತಮ ಕ್ಷಮೆಯ ದಿನ, ನನ್ನ ಹಳೆಯ ಮಾತಿಗಾಗಿ ಕ್ಷಮೆ ಬೇಡಿದ್ದೆ. ಆಕೆ ನಕ್ಕು ಹೇಳಿದಳು: "ನೀನು ಹೇಳಿದ್ದು ಸುಳ್ಳಲ್ಲ. ಆದರೆ ಅಂದು ನನಗೆ ಬೇಕಾಗಿದ್ದುದು ಒಂದು ಲೋಟ ಬಿಸಿನೀರು."

ರೋಗಿಗಳನ್ನು ಕಾಣಹೋಗುವಾಗ ಈ ಮಾತು ನಮಗೆ ನೆನಪಿರಲಿ. ಮೊದಲು ನೀರು ಕೊಡೋಣ, ಮಾತ್ರೆಯ ಹೊತ್ತನ್ನು ನೆನಪಿಸೋಣ, ಅವರ ಮಾತಿಗೆ ಕಿವಿಯಾಗೋಣ. ಧರ್ಮದ ಮಾತು ಬೇಕಾದಾಗ ಅವರೇ ಕೇಳುತ್ತಾರೆ.