ಬಿಸಿಲು ಹಗಲಲ್ಲಿ, ಕಾರು ಆಫೀಸಲ್ಲಿ

ಕಳೆದ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದ ನಮ್ಮ ರೂಮ್‌ಮೇಟ್‌ಗೆ ಅವರ ಅಪ್ಪಾಜಿ ಒಂದು ಪ್ರಶ್ನೆ ಕೇಳಿದರು. "ಎಲೆಕ್ಟ್ರಿಕ್ ಕಾರ್ ತಗೊಂಡು ತಾರಸಿ ಮೇಲೆ ಸೋಲಾರ್ ಹಾಕಿಸಿದ್ರೆ ಕಾರು ಫ್ರೀಯಾಗಿ ಓಡುತ್ತೇನೋ? ಇಂಜಿನಿಯರಿಂಗ್ ಓದ್ತಿದೀಯಲ್ಲ, ಹೇಳು." ಅವನಿಗೆ ಉತ್ತರ ಬರಲಿಲ್ಲ. ವಾಪಸ್ ಬಂದು ನಮ್ಮನ್ನ ಕೇಳಿದ. ನಮಗೂ ಬರಲಿಲ್ಲ. ಪವರ್‌ಗೂ ಎನರ್ಜಿಗೂ ವ್ಯತ್ಯಾಸ ಬರೆದು ಮಾರ್ಕ್ಸ್ ತಗೊಂಡಿದ್ದ ನಾವೇ ಒಂದು ಮನೆಯ ಲೆಕ್ಕ ಹಾಕಲಾರದೆ ಕೂತಿದ್ದೆವು. ಆಮೇಲೆ ಪೆನ್ನು ಹಿಡಿದೆವು. ಸಿಕ್ಕಿದ್ದು ಇಷ್ಟು.

ಮೊದಲು ಯೂನಿಟ್ ಲೆಕ್ಕ. ಅಪ್ಪಾಜಿ ದಿನಕ್ಕೆ ಸುಮಾರು 40 ಕಿ.ಮೀ. ಓಡಾಡುತ್ತಾರೆ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಹೆಚ್ಚುಕಡಿಮೆ 7 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. ಅಂದರೆ ದಿನಕ್ಕೆ 6 ಯೂನಿಟ್. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್, ವರ್ಷದ ಸರಾಸರಿಯಲ್ಲಿ, ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿದರೆ 12 ಯೂನಿಟ್. ಕಾರಿಗೆ 6, ಮನೆಗೆ 5, ಆದರೂ 1 ಉಳಿಯಿತು! ಇದಕ್ಕೆ ಬೇಕಾಗೋದು ನೆರಳು ಬೀಳದ ಸುಮಾರು 300 ಚದರಡಿ ತಾರಸಿ. ಪಕ್ಕದ ತೆಂಗಿನ ಮರ ಎಲ್ಲಿದೆ, ಅಮ್ಮ ಹಪ್ಪಳ ಒಣಗಿಸೋದು ಎಲ್ಲಿ ಅಂತ ಮೊದಲೇ ನೋಡಿಕೊಳ್ಳಬೇಕು ಅಷ್ಟೇ.

ಇಲ್ಲಿಗೆ ಮುಗೀತು ಅಂದುಕೊಂಡೆವು. ಆದರೆ ಬಿಸಿಲು ಇರೋ ಹೊತ್ತಲ್ಲಿ ಕಾರು ಆಫೀಸಿನ ಪಾರ್ಕಿಂಗ್‌ನಲ್ಲಿ ಇರುತ್ತದೆ. ಕಾರು ಮನೆಗೆ ಬರೋ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಇದಕ್ಕೆ ಪರಿಹಾರ ನೆಟ್ ಮೀಟರಿಂಗ್. ಹಗಲು ಹೆಚ್ಚಾದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಮೀಟರ್ ಎರಡನ್ನೂ ಅಳೆಯುತ್ತದೆ, ವ್ಯತ್ಯಾಸಕ್ಕೆ ಬಿಲ್ ಬರುತ್ತದೆ. ಇದನ್ನ ಬ್ಯಾಂಕ್ ಖಾತೆ ಅಂತ ಹೇಳ್ತಾರೆ, ಆದರೆ ಕರೆಂಟ್ ಎಲ್ಲೂ ಕೂಡಿಟ್ಟಿರೋದಿಲ್ಲ. ಹಗಲು ನಾವು ಕೊಟ್ಟದ್ದು ಆ ಕ್ಷಣವೇ ಪಕ್ಕದ ಮನೆಯ ಮಿಕ್ಸಿಯಲ್ಲಿ ಖರ್ಚಾಗಿರುತ್ತದೆ. ರಾತ್ರಿ ನಮ್ಮ ಕಾರಿಗೆ ಬರೋದರಲ್ಲಿ ಶರಾವತಿಯ ನೀರೂ ಇರಬಹುದು, ರಾಯಚೂರಿನ ಕಲ್ಲಿದ್ದಲೂ ಇರಬಹುದು. ಬಿಲ್ ಪ್ರಕಾರ ಕಾರು ಬಿಸಿಲಲ್ಲಿ ಓಡುತ್ತದೆ, ನಿಜದಲ್ಲಿ ಪೂರ್ತಿ ಅಲ್ಲ. ಇನ್ನೊಂದು ಮಾತು: ಲೆಕ್ಕದ ಕೊನೆಗೆ ಉಳಿದ ಯೂನಿಟ್‌ಗೆ ಸಿಗೋ ರೇಟು ನಾವು ಕೊಡೋ ರೇಟಿಗಿಂತ ಕಡಿಮೆ. ಹಾಗಾಗಿ ಬೇಕಾದ್ದಕ್ಕಿಂತ ತುಂಬಾ ದೊಡ್ಡ ಸೋಲಾರ್ ಹಾಕಿಸೋದರಲ್ಲಿ ಲಾಭ ಇಲ್ಲ.

ಭಾನುವಾರ ಮಧ್ಯಾಹ್ನ ಕಾರು ಮನೆಯಲ್ಲೇ ಇರುತ್ತಲ್ಲ, ಆವಾಗ? ಆಗಲೂ ಒಂದು ತೊಡಕಿದೆ. ಬಿಸಿಲಿಗೆ ಪ್ಯಾನೆಲ್ ಕಾದಷ್ಟೂ ಅದರ ಔಟ್‌ಪುಟ್ ಇಳಿಯುತ್ತದೆ. 3 ಕಿಲೋವ್ಯಾಟ್ ಪ್ಯಾನೆಲ್‌ನಿಂದ ನಡು ಮಧ್ಯಾಹ್ನ ಸುಮಾರು 2.4 ಕಿಲೋವ್ಯಾಟ್ ಬಂದರೆ ಒಳ್ಳೆಯದೇ. ಮನೆ ಚಾರ್ಜರ್ ಎಳೆಯೋದು 3.3 ಕಿಲೋವ್ಯಾಟ್. ಮಿಕ್ಕಿದ 0.9 ಲೈನಿನಿಂದಲೇ ಬರಬೇಕು. ಕರೆಂಟ್ ಸೆಟ್ಟಿಂಗ್ ಇರೋ ಚಾರ್ಜರ್ ಆದರೆ 10 ಆಂಪಿಯರ್‌ಗೆ ಇಳಿಸಬಹುದು. 230 ವೋಲ್ಟ್‌ಗೆ ಗುಣಿಸಿ ನೋಡಿ, 2.3 ಕಿಲೋವ್ಯಾಟ್. ನಿಧಾನ ಆಗುತ್ತೆ, ಆದರೆ ಪೂರ್ತಿ ಬಿಸಿಲಿನದೇ.

ನಮಗೆಲ್ಲ ಆಶ್ಚರ್ಯ ಆಗಿದ್ದು ಇದಕ್ಕೆ: ಕರೆಂಟ್ ಹೋದರೆ ಸೋಲಾರ್ ಕೂಡ ಆಫ್! ತಲೆ ಮೇಲೆ ಸುಡು ಬಿಸಿಲಿದ್ದರೂ ಕಾರು ಚಾರ್ಜ್ ಆಗೋದಿಲ್ಲ. ಇನ್ವರ್ಟರ್ ಕೆಟ್ಟಿಲ್ಲ, ಅದನ್ನ ಹಾಗೇ ಮಾಡಿರೋದು. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆಯಬಾರದಲ್ಲ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಜೊತೆಗಿನ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಇನ್ನೂ ಹೆಚ್ಚು.

ಕೊನೆಗೆ ದುಡ್ಡು. ಈಗ ಅವರ ಮನೆಗೆ ತಿಂಗಳಿಗೆ 150 ಯೂನಿಟ್, ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ಅಂದರೆ ಕಾರಿಲ್ಲದೆ ಸೋಲಾರ್ ಹಾಕಿಸಿದರೆ ಉಳಿತಾಯವೂ ಸೊನ್ನೆ. ಕಾರು ಬಂದರೆ 25 ದಿನಕ್ಕೆ ಇನ್ನೂ 150 ಸೇರಿ 300 ಆಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 1,800. ಆದರೆ ಅದೇ 1,000 ಕಿ.ಮೀ.ಗೆ, ಲೀಟರ್‌ಗೆ 15 ಕಿ.ಮೀ. ಕೊಡೋ ಪೆಟ್ರೋಲ್ ಕಾರಿಗೆ, 6,500 ರೂಪಾಯಿ ದಾಟುತ್ತದೆ. ಅಂದರೆ ದೊಡ್ಡ ಉಳಿತಾಯ ಆಗೋದು ಪೆಟ್ರೋಲ್ ಬಿಟ್ಟಾಗಲೇ, ಸೋಲಾರ್ ಉಳಿಸೋದು ಆಮೇಲಿನ 1,800. 3 ಕಿಲೋವ್ಯಾಟ್‌ಗೆ 2 ಲಕ್ಷ ಅಂತ ಇಟ್ಟುಕೊಂಡು ಪಿಎಂ ಸೂರ್ಯ ಘರ್ ಸಬ್ಸಿಡಿ 78,000 ಕಳೆದರೆ 1,22,000. ಐದೂವರೆ, ಆರು ವರ್ಷದಲ್ಲಿ ವಾಪಸ್.

ನಮ್ಮ ರೂಮ್‌ಮೇಟ್ ಇಷ್ಟನ್ನೂ ಫೋನಲ್ಲಿ ಹೇಳಿದ. ಅಪ್ಪಾಜಿ ಎಲ್ಲ ಕೇಳಿ, "ಹಂಗಾದ್ರೆ ಫ್ರೀ ಅಲ್ಲ ಅನ್ನು" ಅಂದರು. ಫ್ರೀ ಅಲ್ಲ. ಆದರೆ ಲೆಕ್ಕಕ್ಕೆ ಕೂಡುತ್ತದೆ. ಮೊದಲು ಕಾರು, ಜೊತೆಗೆ ಸರಿಯಾದ ಅರ್ಥಿಂಗ್ ಮತ್ತು ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸೋ ಅರ್ಜಿ. ಮೂರು ತಿಂಗಳ ಬಿಲ್ ನೋಡಿಕೊಂಡು ಆಮೇಲೆ ಪ್ಯಾನೆಲ್. ನಮ್ಮ ಸಲಹೆ ಇದು. ನಿಮ್ಮ ಮನೆಯ ಕಿ.ಮೀ., ಯೂನಿಟ್ ಬೇರೆ ಇರುತ್ತವೆ. ರಜೆಗೆ ಊರಿಗೆ ಹೋದಾಗ ಹಳೆಯ ಕರೆಂಟ್ ಬಿಲ್ ತೆಗೆದು ನೀವೂ ಒಮ್ಮೆ ಹಾಕಿ ನೋಡಿ.